ಮೀಸೆಯಣ್ಣನಿಗೆ ಸಂತಾಪ

"ತಂಗೀ, ಬಾಗಿಲು ತೆಗಿ! ನಾನು ಸತ್ತೋಗಿದ್ದೀನಿ!"

ಬಾಗಿಲು ಮುರಿಯುವಂಥ ಬಡಿತ. ಕೂಗುತ್ತಿದ್ದವನು ಮೀಸೆಯಣ್ಣ, ನನ್ನ ಗಂಡನ ಗೆಳೆಯ.

ಗಂಡನ ಅಂತ್ಯಕ್ರಿಯೆ ಮುಗಿದು, ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗು ಅದು. ಹಾಸಿಗೆ ಮಡಿಸಿದ್ದೆ. ಹಾಲು ಕಾಯಿಸಿದ್ದೆ. ಮುಂದೇನು ಮಾಡಬೇಕೆಂದು ತೋಚದೆ ಅದೇ ಹಾಲನ್ನು ಮತ್ತೆ ಕಾಯಿಸುತ್ತಿದ್ದೆ.

ಬಾಗಿಲು ತೆಗೆದೆ. ಸತ್ತವನು ವಿಪರೀತ ಬೆವರುತ್ತಿದ್ದ.

"ಯಾವಾಗ ಅಣ್ಣ?"

"ಈಗ ತಾನೇ! ನಿಮ್ಮ ಅತ್ತಿಗೆ ಫೋನಿಗೆ ಕಂಪನಿಯಿಂದ ಮೆಸೇಜು. 'ನಮ್ಮ ಪಾಲುದಾರರ ಅಗಲಿಕೆಗೆ ಸಂತಾಪ.' ನನ್ನೆದುರಿಗೇ ಕೂತು ಓದಿದ್ಳು. ಅಯ್ಯೋ ಅಂದ್ಳು. ಆಮೇಲೆ ತಲೆ ಎತ್ತಿ ನನ್ನ ನೋಡಿ, ಥೂ ಅಂದ್ಳು!"

ನಿಮಗೆ ಅರ್ಥವಾಗಲಿಲ್ಲ ಅಲ್ಲವೇ? ಕೇಳಿ.

ನಮ್ಮವರೂ ಮೀಸೆಯಣ್ಣನೂ ದುಡಿಯುತ್ತಿದ್ದ ಪಾರ್ಸೆಲ್ ಕಂಪನಿಗೆ ಡ್ರೈವರುಗಳೇ ಇಲ್ಲ. ಇರುವವರೆಲ್ಲ ಸ್ವತಂತ್ರ ಪಾಲುದಾರರು. ವ್ಯಾನು ನಮ್ಮದು, ಡೀಸೆಲ್ಲು ನಮ್ಮದು, ಬೆನ್ನೂ ನಮ್ಮದೇ. ರಜೆ ಯಾವಾಗ ಬೇಕಾದರೂ ಹಾಕಬಹುದು. ವಾಪಸು ಬಂದಾಗ ಕಂಪನಿಯ ಆ್ಯಪ್‌ನಲ್ಲಿ ಖಾತೆ ಇರುವುದಿಲ್ಲ, ಅಷ್ಟೆ! ನನ್ನ ಎಂ.ಎ. ಪದವಿ ಪ್ರದಾನಕ್ಕೆ ಬರಲೆಂದು ನಮ್ಮವರು ಒಂದು ದಿನ ವ್ಯಾನು ತೆಗೆಯಲಿಲ್ಲ. ಮರುದಿನ ಆ್ಯಪ್ ಅವರನ್ನು ಗುರುತಿಸಲಿಲ್ಲ. ಅದೇ ವಾರ ಮೀಸೆಯಣ್ಣ ವಾಷಿಂಗ್ ಮೆಷಿನ್ನೊಂದನ್ನು ಒಬ್ಬನೇ ಎತ್ತಲು ಹೋಗಿ ಸೊಂಟ ಹಿಡಿಸಿಕೊಂಡ.

ಒಬ್ಬರಿಗೆ ಖಾತೆಯಿಲ್ಲ. ಇನ್ನೊಬ್ಬರಿಗೆ ಸೊಂಟವಿಲ್ಲ.

ಸೊಂಟ ಸರಿಹೋಗುವವರೆಗೆ ಮೀಸೆಯಣ್ಣನ ಖಾತೆಯನ್ನು ಫೋನು ಸಮೇತ ನಮ್ಮವರು ಎರವಲು ತಂದರು. ಅಂಥದೇ ಮೀಸೆಯನ್ನೂ ಬಿಟ್ಟರು. ಆ್ಯಪ್ ಆಗಾಗ "ಮುಖ ತೋರಿಸಿ" ಎನ್ನುತ್ತಿತ್ತು. ಮೀಸೆ ಕಂಡರೆ ಸಾಕು, ಮಿಕ್ಕಿದ್ದನ್ನು ಅದು ನಂಬುತ್ತಿತ್ತು.

ಹೀಗೇ ನಡೆಯುತ್ತಿತ್ತು. ಒಂದು ಮಧ್ಯಾಹ್ನ ನಮ್ಮವರು ಸ್ಟಿಯರಿಂಗ್ ಮೇಲೆ ತಲೆಯಿಟ್ಟರು. ಎತ್ತಲಿಲ್ಲ.

ಆ ರೂಟಿನ ಡ್ರೈವರ್ ಸತ್ತನಂತೆ ಎಂಬ ಸುದ್ದಿ ಡಿಪೋ ಮುಟ್ಟಿತು. ಕಂಪ್ಯೂಟರಿನಲ್ಲಿ ಯಾರ ಹೆಸರಿತ್ತೋ ಅವನನ್ನು ಸಾಯಿಸಿದರು!

"ಡಿಪೋಗೆ ಹೋಗಿ ಬದುಕಿದ್ದೀನಿ ಅನ್ನಿ ಅಣ್ಣ."

"ಹಾಗಾದ್ರೆ ಸತ್ತಿದ್ದು ಯಾರು ಅಂತಾರಲ್ಲಮ್ಮ! ಖಾತೆ ಎರವಲು ಕೊಟ್ಟಿದ್ದು ಗೊತ್ತಾದ್ರೆ ಮುಗೀತು. ಬರೋ ತಿಂಗಳಿಂದ ಕೆಲಸಕ್ಕೆ ಹೋಗ್ಬಹುದು ಅಂದಿದ್ರು ಡಾಕ್ಟ್ರು. ಆ ಖಾತೆ ಬಿಟ್ರೆ ನನಗೆ ಬೇರೆ ಏನಿದೆ? ಮನೇಲಿ ಮಕ್ಳು..." ಮೀಸೆ ಅದುರಿತು. "ಹದ್ದು ಹೊರಟಿದ್ದಾನೆ. ವ್ಯಾನಲ್ಲಿ ಉಳಿದಿರೋ ಪಾರ್ಸೆಲ್ ಅವನ ಕೈ ಸೇರಿದ ಕೂಡ್ಲೇ ಖಾತೆ ಬಂದ್!"

ಹದ್ದು ಎಂದರೆ ಡಿಪೋದ ಇನ್ಸ್‌ಪೆಕ್ಟರ್. ಕೆಂಪು ಬೈಕು. ಮುಖಕ್ಕಿಂತ ಮೊದಲು ಬರುವ ಮೂಗು.

"ಅವನ ಕೈಗೆ ಸಿಗೋ ಮುಂಚೆ ನಾವೇ ಹಂಚಿಬಿಟ್ರೆ?"

"ಅಂದ್ರೆ?"

"ಸತ್ತವರು ಡೆಲಿವರಿ ಮಾಡಲ್ಲ ಅಣ್ಣ. ಇವತ್ತು ನಿಮ್ಮ ಮುಖ ತೋರಿಸಿ ರೂಟ್ ಮುಗಿಸಿದ್ರೆ, ನೀವು ಬದುಕಿದ್ದೀರಿ ಅಂತ ಆ ಕಂಪ್ಯೂಟರೇ ಸಾಕ್ಷಿ ಹೇಳುತ್ತೆ."

"ನನಗೆ ಬಗ್ಗೋಕೇ ಆಗಲ್ಲವಲ್ಲೇ!"

"ಮುಖ ನಿಮ್ಮದು. ಸೊಂಟ ನಂದು."

ಒಳಗಿನಿಂದ ಅತ್ತೆ ಬಂದರು. ಎಲ್ಲ ಕೇಳಿಸಿಕೊಂಡಿದ್ದರು. ವ್ಯಾನಿನ ಕೀಲಿಯನ್ನು ನನ್ನ ಅಂಗೈಗಿಟ್ಟು, "ಅರ್ಧಕ್ಕೆ ಬಿಟ್ಟ ಕೆಲಸ ಅವನಿಗೆ ಆಗ್ತಿರಲಿಲ್ಲ. ಹೋಗು," ಎಂದರು.

ವ್ಯಾನಿನ ಸೀಟು ನಮ್ಮವರ ಕಾಲಿನ ಅಳತೆಗೆ ಹಿಂದಕ್ಕಿತ್ತು. ಮುಂದಕ್ಕೆ ಎಳೆದೆ. ಅಷ್ಟೆ.

ಮೀಸೆಯಣ್ಣ ಹಿಂದೆ ರಟ್ಟಿನ ಪೆಟ್ಟಿಗೆಗಳ ನಡುವೆ ಅಂಗಾತ ಮಲಗಿದ. ಗೇರ್ ಹಾಕಿದೆ.

ಮೊದಲ ತಿರುವಿನಲ್ಲೇ ಎರವಲು ಫೋನು ಕಿರುಚಿತು. ಮುಖ ತೋರಿಸಿ!

ಹಿಂದಿನಿಂದ ಮೊದಲು ಮೀಸೆ ಮೇಲೆದ್ದಿತು. ನರಳಾಟ ಆಮೇಲೆ.

"ಕಣ್ಣು ಮಿಟುಕಿಸಿ ಅಣ್ಣ!"

"ಮಿಟುಕಿಸಿದ್ರೂ ಸೊಂಟ ನೋಯುತ್ತೆ ಕಣೇ!"

ಸ್ವಾಗತ ಪಾಲುದಾರರೇ, ಎಂದಿತು ಆ್ಯಪ್.

ಹಂಚಿದೆ. ಗೇಟು, ಗಂಟೆ, ನಾಯಿ, ಸಹಿ. ಗಂಟೆ, ನಾಯಿ, ನಾಯಿ, ಸಹಿ. ನೀಲಿ ಗೇಟಿನ ಮನೆಯಲ್ಲಿ ಒಬ್ಬ ಅಜ್ಜಿ ಔಷಧಿಯ ಡಬ್ಬಿ ತೆಗೆದುಕೊಂಡು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಆ ನಗುಮುಖದ ಹುಡುಗ ಎಲ್ಲಮ್ಮ?"

"ರಜೆ."

"ಒಳ್ಳೇದಾಯ್ತು ಬಿಡು. ಪಾಪ, ಒಂದು ದಿನ ರಜೆ ಹಾಕಿದ್ದು ನೋಡಲಿಲ್ಲ."

ವ್ಯಾನು ಹತ್ತಿದೆ. ಕನ್ನಡಿಯಲ್ಲಿ ಕೆಂಪು ಬೈಕು!

"ಅಣ್ಣ, ಗಟ್ಟಿಯಾಗಿ ಹಿಡ್ಕೊಳ್ಳಿ!"

"ಏನನ್ನ? ಇಲ್ಲಿರೋದೆಲ್ಲ ಉರುಳ್ತಾ ಇದೆ!"

ಬಲಕ್ಕೆ ಹೊರಳಿಸಿದೆ. ಹದ್ದೂ ಹೊರಳಿದ. ಎಡಕ್ಕೆ, ಕಿರಿದಾದ ಓಣಿ. ಕನ್ನಡಿ ಗೋಡೆ ಸವರಿತು. ಯಾರದೋ ಒಣಹಾಕಿದ ಬಟ್ಟೆ ವ್ಯಾನಿನ ಮೂತಿಗೆ ಸಿಕ್ಕಿತು, ಬಿಟ್ಟಿತು. ಹಿಂದೆ ಬರುತ್ತಿದ್ದ ಹದ್ದಿನ ಹೆಲ್ಮೆಟ್ಟಿಗೆ ಸುತ್ತಿಕೊಂಡಿತು! ಮುಂದೆ ಹಂಪು. ಬ್ರೇಕ್ ಹಾಕಲಿಲ್ಲ. ವ್ಯಾನು ಹಾರಿತು. ಮೀಸೆಯಣ್ಣ ದೇವರನ್ನೂ ವಾಷಿಂಗ್ ಮೆಷಿನ್ನನ್ನೂ ಒಂದೇ ಉಸಿರಿನಲ್ಲಿ ನೆನೆದ.

ಕೊನೆಯ ಪಾರ್ಸೆಲ್ಲು. ಮಹಡಿ ಮನೆ. ಲಿಫ್ಟು ಕೆಟ್ಟಿತ್ತು. ಪೆಟ್ಟಿಗೆ ಹೆಗಲಿಗೇರಿಸಿ ಓಡಿದೆ. ಸಹಿ ಬಿತ್ತು. ಫೋನು ಹಸಿರಾಯಿತು... ರೂಟ್ ಪೂರ್ಣ!

ಕೆಳಗಿನಿಂದ ಆರ್ತನಾದ.

ಇಳಿದು ಬಂದೆ. ವ್ಯಾನಿನ ಹಿಂಬಾಗಿಲು ತೆರೆದಿತ್ತು. ಪಾರ್ಸೆಲ್ಲು ಹುಡುಕಲು ಬಾಗಿಲು ತೆಗೆದ ಹದ್ದಿಗೆ, ಅಂಗಾತ ಮಲಗಿದ್ದ ಸತ್ತವನು "ನಮಸ್ಕಾರ ಸಾರ್" ಎಂದಿದ್ದ. ಹದ್ದು ರಸ್ತೆಯ ಮೇಲೆ ಕೂತಿದ್ದ. ಬಿಳಿಚಿದ ಮುಖ. ಮೂಗು ಮಾತ್ರ ಕೆಂಪು.

"ಇವನು... ಇವನು ಬದುಕಿದ್ದರೆ... ಈ ವ್ಯಾನಲ್ಲಿ ಸತ್ತಿದ್ದು ಯಾರು?"

"ನನ್ನ ಗಂಡ."

ಹದ್ದು ನಿಧಾನವಾಗಿ ಎದ್ದ. ಪ್ಯಾಂಟು ಕೊಡವಿದ. "ಓಹೋ! ಇವನ ಹೆಸರಲ್ಲಿ ನಿಮ್ಮ ಗಂಡ ನಮಗೆ ಕೆಲಸ ಮಾಡ್ತಿದ್ದ!"

"ಕೆಲಸ ಮಾಡ್ತಿದ್ರು ಅಂತ ಬರೆದುಕೊಡಿ ಸಾರ್. ಕೆಲಸದ ಮೇಲಿದ್ದಾಗಲೇ ಸತ್ತರು ಅಂತಲೂ ಬರೆದುಕೊಡಿ. ನಾಳೆ ಲಾಯರನ್ನ ಕರ್ಕೊಂಡು ಬರ್ತೀನಿ."

"ಛೆ, ಛೆ! ನಮಗೆ ನೌಕರರೇ ಇಲ್ಲಮ್ಮ! ಎಲ್ಲ ಸ್ವತಂತ್ರ ಪಾಲುದಾರರು!"

"ಪಾಲುದಾರರು ಸಹಾಯಕ್ಕೆ ಯಾರನ್ನ ಕರ್ಕೊಂಡ್ರೂ ನಿಮಗೆ ಸಂಬಂಧ ಇಲ್ಲ?"

"ಸಂಬಂಧವೇ ಇಲ್ಲ!"

"ಹಾಗಾದ್ರೆ ನಿಮ್ಮಲ್ಲಿ ಯಾರೂ ಸತ್ತಿಲ್ಲ."

ಹದ್ದು ನನ್ನನ್ನು ನೋಡಿದ. ಮೀಸೆಯನ್ನು ನೋಡಿದ. ತನ್ನ ಫೋನು ತೆಗೆದು ಏನನ್ನೋ ಒತ್ತಿದ.

"ಯಾರೂ ಸತ್ತಿಲ್ಲ," ಎಂದ.

ಸಂತಾಪ ವಾಪಸಾಯಿತು.

ಗೆದ್ದೆ. ಈ ಊರಿನ ಎಷ್ಟು ಮೆಟ್ಟಿಲು ಹತ್ತಿದ್ದರೋ ನಮ್ಮವರು! ಇನ್ನು ಮೇಲೆ ಕಂಪನಿಯ ಲೆಕ್ಕದಲ್ಲಿ ಅವನ್ನು ಯಾರೂ ಹತ್ತಿರಲಿಲ್ಲ. ನಾನೇ ಹಾಗೆಂದು ಒಪ್ಪಿಸಿ ಬಂದಿದ್ದೆ.

ಮೀಸೆಯಣ್ಣನ ಮನೆ ಮುಂದೆ ವ್ಯಾನು ನಿಲ್ಲಿಸಿದೆ. ಅತ್ತಿಗೆ ಬಾಗಿಲಲ್ಲೇ ನಿಂತಿದ್ದಳು.

"ಏನಾಯ್ತು? ಬದುಕಿದ್ರಾ?"

"ಬದುಕಿದೆ ಕಣೇ!"

"ಸರಿ, ಕಾಲು ತೊಳ್ಕೊಂಡು ಒಳಗೆ ಬನ್ನಿ."

ಅವಳು ಒಳಗೆ ಹೋಗಿ ಕಣ್ಣೊರೆಸಿಕೊಂಡದ್ದು ಕಿಟಕಿಯಲ್ಲಿ ಕಂಡಿತು. ನಾನು ಫೋನು ಚಾಚಿದೆ.

"ತಗೊಳ್ಳಿ ಅಣ್ಣ. ನಿಮ್ಮ ಖಾತೆ. ಎರವಲು ತಂದಿದ್ರು."

ಮೀಸೆಯಣ್ಣ ಕೈ ಹಿಂದಕ್ಕೆಳೆದುಕೊಂಡ. "ಇಟ್ಕೊಳಮ್ಮ. ಸೊಂಟ ಸರಿಹೋಗೋವರೆಗೆ ನೀನೇ ಓಡಿಸು. ಮನೆ ನಡೀಬೇಕಲ್ಲ. ನನ್ನ ಹೆಸರು ತಾನೇ, ಸವೆದುಹೋಗುತ್ತಾ?"

ಫೋನನ್ನು ಅವನ ಅಂಗಿಯ ಜೇಬಿಗೆ ಇಳಿಬಿಟ್ಟೆ.

"ಬೇಡ ಅಣ್ಣ. ಆ ಹೆಸರಲ್ಲಿ ಒಬ್ಬರು ಸತ್ತಿದ್ದು ಸಾಕು."