ಸೊನ್ನೆ ಬರೆದ ದಿನ

ಕದ ಹಾಕಿಕೊಂಡ ಸದ್ದು ಕೇಳಿದ ಮೇಲೆ ನನಗೆ ನನ್ನ ತಪ್ಪು ತಿಳಿಯಿತು.

"ಗಂಡನ ಹೆಸರು ಹೇಳದಿದ್ರ ಮತ ಇಲ್ರಿ" ಎಂದು ನಾನು ಮುದುಕಿ ಕಲ್ಲವ್ವನಿಗೆ ಹೇಳಿದ್ದೆ. ೧೯೫೬ರ ಮೇ ತಿಂಗಳು, ರೋಣದ ಹತ್ತಿರದ ಸವಡಿ ಹಳ್ಳಿಯ ಕಡೇ ಓಣಿ. ನನ್ನ ಹಿಂದೆ ನಿಂತಿದ್ದ ಗೌರವ್ವ ಸೆರಗಿನ ತುದಿಯನ್ನು ತುಟಿಗೆ ಒತ್ತಿಕೊಂಡಳು. ನಗು ಕಣ್ಣಿನಿಂದ ಹೊರಗೆ ಬಂತು.

"ಅಂದಾನಪ್ಪನವರ, ಲ್ಯಾಬಿನ್ಯಾಗ ಬಾಟ್ಲಿ ಮ್ಯಾಲಿನ ಚೀಟಿ ಓದಿದಂಗ ಕೇಳಿದ್ರ ಯಾರ್ ಹೇಳ್ತಾರ್ರಿ?"

ನಾವಿಬ್ಬರೂ ಧಾರವಾಡದಲ್ಲಿ ಓದುತ್ತಿದ್ದೆವು. ನಾಗರಿಕಶಾಸ್ತ್ರದ ಪ್ರಾಧ್ಯಾಪಕರು ಆ ವರ್ಷ ಪ್ರಬಂಧ ಬೇಡವೆಂದಿದ್ದರು. "ಪ್ರಜೆ ಅಂದ್ರ ಯಾರು ಅಂತ ಹತ್ತು ಪುಟ ಬರೀಬ್ಯಾಡ್ರಿ. ಹಳ್ಳಿಗೆ ಹೋಗಿ ಮತದಾರರ ಪಟ್ಟಿ ತಿದ್ದಿ ಬರ್ರಿ. ಹೆಣ್ಣುಮಕ್ಕಳ ವಿವರ ಅವರ ಬಾಯಿಂದನ ಕೇಳಿ ಬರೀರಿ." ವಿಜ್ಞಾನದ ವಿದ್ಯಾರ್ಥಿಯಾದ ನನಗೆ ಇದು ಕಡ್ಡಾಯವಿರಲಿಲ್ಲ. ಆದರೆ ಹೋಗುವವರ ಯಾದಿಯಲ್ಲಿ ನರಗುಂದದ ಗೌರವ್ವನ ಹೆಸರಿತ್ತು. ಅದರ ಕೆಳಗೆ ನನ್ನದನ್ನು ಬರೆದೆ.

ಗೌರವ್ವ ಸವಡಿಯಲ್ಲಿ ತನ್ನ ಸೋದರತ್ತೆ ಮುದುಕವ್ವನ ಮನೆಯಲ್ಲಿ ಇಳಿದಿದ್ದಳು, ನಾನು ಶಾಲೆಯ ಕೋಣೆಯಲ್ಲಿ. ನಾವು ಮನೆಮನೆಗೆ ಹೋಗುವಾಗ ಮುದುಕವ್ವ ಹತ್ತು ಹೆಜ್ಜೆ ಹಿಂದೆ ಬರುತ್ತಿದ್ದಳು.

ಹಳೆಯ ಪಟ್ಟಿಯಲ್ಲಿ ಅರವತ್ತಮೂರು ಹೆಂಗಸರ ಮುಂದೆ ಗಂಡನ ಹೆಸರಿನ ಜಾಗ ಖಾಲಿ ಇತ್ತು. ನಾಲ್ಕು ಜನ ಕಲ್ಲವ್ವ, ಐದು ಜನ ಗಾಳೆವ್ವ. ಯಾರು ಯಾರೆಂದು ಗೊತ್ತಾಗದೆ ಹೆಸರುಗಳೇ ಬಿಟ್ಟುಹೋಗುವ ಸಂಭವವಿತ್ತು. ಗಂಡಸರು ಹೊಲದಲ್ಲಿ. ಹೆಂಗಸರು ಗಂಡನ ಹೆಸರನ್ನು ಬಾಯಲ್ಲಿ ತರುವುದಿಲ್ಲ. ಒಂದು ಹೆಸರು ಹೇಳಲು ಏನು ಕಷ್ಟ ಎಂದು ನನಗೆ ಸಿಟ್ಟು ಬಂದಿತ್ತು.

ಗೌರವ್ವ ಕದಕ್ಕೆ ಬಾಯಿ ಹಚ್ಚಿ ಕರೆದಳು. "ಆಯೀ, ಹೆಸರು ಬ್ಯಾಡ ಬಿಡು. ಒಂದ್ ಒಡಪ ಹೇಳ್ತಿಯೇನು?"

ಮದುವೆಯಲ್ಲಿ, ಬಸುರಿಯ ಕುಬುಸದ ಶಾಸ್ತ್ರದಲ್ಲಿ ನಮ್ಮ ಕಡೆಯ ಹೆಂಗಸರು ಎರಡು ಸಾಲಿನ ಪದ ಕಟ್ಟಿ, ಅದರೊಳಗೆ ಗಂಡನ ಹೆಸರನ್ನಿಟ್ಟು ಹೇಳುತ್ತಾರೆ. ಬರಿಯ ಹೆಸರು ಹೇಳಬಾರದು, ಒಡಪಿನಲ್ಲಿ ಹೇಳಬಹುದು. ಕದ ನಾಲ್ಕು ಬೆರಳಿನಷ್ಟು ತೆರೆಯಿತು.

"ಎರಿಹೊಲದ ಕಡ್ಲಿಗಿಡ ಎಷ್ಟ ಚಂದ ಹಸರ,
ದ್ಯಾಮಪ್ಪ ಅಂತಾರ ನೋಡ್ರಿ ನಮ್ಮ ಮನಿಯವರ ಹೆಸರ."

ಅರವತ್ತು ವರ್ಷದ ಮುಖ ಹದಿನಾರರ ಹಾಗೆ ಕೆಂಪಾಯಿತು. "ಬರಕೋರಿ ಲಗೂನ" ಎಂದು ಗೌರವ್ವ ನನ್ನ ಕೈಯ ವಹಿಯನ್ನು ಕಣ್ಣಿನಿಂದ ತೋರಿಸಿದಳು. ನಾನು ಬರೆಯುವುದನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದೆ.

ಅಂದಿನಿಂದ ಕೆಲಸ ಸಲೀಸಾಯಿತು. ಅವಳು ಒಳಗೆ ಕೂತು ಒಡಪು ಹೇಳಿಸುವಳು, ನಾನು ಹೊಸ್ತಿಲಾಚೆ ಕೂತು ಬರೆಯುವೆನು.

ಎಲ್ಲವನ್ನೂ ಅಳೆದು ಬರೆದಿಡುವುದು ನನ್ನ ಅಭ್ಯಾಸ. ಮೊದಲ ದಿನ ಅವಳು ನನ್ನ ಹೆಸರನ್ನು ಹದಿನಾಲ್ಕು ಸಲ ಕರೆದಿದ್ದಳು. ವಹಿಯ ಮೂಲೆಯಲ್ಲಿ ಅದನ್ನು ಬರೆದುಕೊಂಡೆ. ಎರಡನೆಯ ದಿನ ಹನ್ನೊಂದು, ಮೂರನೆಯ ದಿನ ಒಂಬತ್ತು. ಆ ಸಂಜೆ ಮಾವಿನಕಾಯಿ ಹೆಚ್ಚಿ ಉಪ್ಪು ಖಾರ ಹಚ್ಚಿ ಕೊಟ್ಟಳು. ಹೋಳು ತೆಗೆದುಕೊಳ್ಳುವಾಗ ಬೆರಳು ತಾಕಿತು. ಇಬ್ಬರೂ ತಟ್ಟೆಯನ್ನೇ ನೋಡುತ್ತ ನಿಂತೆವು.

ಮರುದಿನ ನಾಲ್ಕು. ಐದನೆಯ ದಿನ ಒಂದು.

ಅದೇ ದಿನ ಮುದುಕವ್ವ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತ ಹೇಳಿದಳು: "ಸೋಮವಾರ ನರಗುಂದಕ್ಕ ನಮ್ಮ ಹುಡುಗಿನ್ನ ನೋಡಾಕ ಬರ್ತಾರಪಾ. ಶಿರೋಳದವರು. ಭಾಳ ಚಲೋ ಮನಿತನ."

ಆರನೆಯ ದಿನ ಸಿದ್ದವ್ವನ ಮನೆಯಲ್ಲಿ ಗೌರವ್ವ ಒಳಗಿನಿಂದ ಹೇಳಿದಳು: "ಯಕ್ಕಾ, ಇವರಿಗೆ ಒಂಚೂರು ನೀರು ಕೊಡು." ನಾನು 'ಇವರು' ಆಗಿಬಿಟ್ಟಿದ್ದೆ. ಬೆಳಗಿನಿಂದ ಸಂಜೆಯವರೆಗೆ ಒಮ್ಮೆಯೂ ನನ್ನ ಹೆಸರಿಲ್ಲ. ವಹಿಯಲ್ಲಿ ಸೊನ್ನೆ ಬರೆದೆ. ಇಳಿಯುತ್ತ ಹೋದ ಅಂಕಿಗಳಿಗೆ ನನಗೆ ಒಂದೇ ಅರ್ಥ ಕಂಡಿತು. ಅವಳ ಮನಸ್ಸು ಶಿರೋಳದ ದಾರಿ ಹಿಡಿದಿದೆ.

"ಏನ್ ಬರೀತೀರಿ?" ಹೊಸ್ತಿಲಿಗೆ ಬಂದು ಕೇಳಿದಳು.

"ಉಷ್ಣತೆ."

"ಎಷ್ಟೈತಿ?"

"ಇಳದೈತಿ."

ಅವಳು ಬಿಸಿಲನ್ನು ನೋಡಿದಳು, ನನ್ನನ್ನು ನೋಡಿದಳು, ಒಳಗೆ ಹೋದಳು.

ಏಳನೆಯ ದಿನ ಅರವತ್ತಮೂರೂ ಹೆಸರು ತುಂಬಿದವು. ಸಹಿ ಹಾಕಲು ಅವಳು ನನ್ನ ವಹಿಯನ್ನು ತೆಗೆದುಕೊಂಡು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ರೋಣದ ಬಸ್ ನಿಲ್ದಾಣ. ಅವಳ ಗಾಡಿ ಪಶ್ಚಿಮಕ್ಕೆ, ನರಗುಂದಕ್ಕೆ. ನನ್ನದು ಪೂರ್ವಕ್ಕೆ, ಗಜೇಂದ್ರಗಡಕ್ಕೆ. ಮುದುಕವ್ವ ಮುಂದಿನ ಸೀಟಿನಲ್ಲಿ ಕೂತು ಬೇಕೆಂದೇ ಆಚೆ ನೋಡುತ್ತಿದ್ದಳು. ಗೌರವ್ವ ಕಿಟಕಿಯ ಸರಳು ಹಿಡಿದಿದ್ದಳು. ಅವಳ ಬೆರಳಿನಲ್ಲಿ ಇನ್ನೂ ಶಾಯಿಯ ಕಲೆ ಇತ್ತು.

"ನಿಮ್ಮ ವಹಿ ಓದಿದೆ" ಎಂದಳು. "ಹದಿನಾಲ್ಕು, ಹನ್ನೊಂದು, ಒಂಬತ್ತು. ಕಡೀಕ ಸೊನ್ನಿ. ಸೊನ್ನಿ ಅಂದ್ರ ಏನಂತ ತಿಳದ್ರಿ?"

"ನಿಮಗ ನನ್ನ ಮ್ಯಾಲ ಬ್ಯಾಸರ ಆಗೇತಿ ಅಂತ."

ಅವಳು ನಗಲಿಲ್ಲ. "ಒಂದ್ ವಾರ ಸವಡಿ ತಿರಗೀರಿ. ಹೆಂಗಸರು ಯಾರ ಹೆಸರು ಹೇಳಲಿಲ್ಲ?"

ಗಾಡಿಯ ಯಂತ್ರ ಶುರುವಾಯಿತು. ಅರವತ್ತಮೂರು ಕಡೆ ಕಣ್ಣಾರೆ ಕಂಡದ್ದು ನನ್ನ ಪಾಲಿಗೆ ಬಂದಾಗ ತಿಳಿದಿರಲಿಲ್ಲ.

ಗೌರವ್ವ ತಲೆ ತಗ್ಗಿಸಿ, ಸರಳಿಗೆ ಹೇಳುವಂತೆ ಹೇಳಿದಳು:

"ಅರವತ್ತಮೂರು ಹೆಸರು ಬರಸೀನಿ ಸವಡಿ ಊರಾಗ..."

ಅಲ್ಲಿಗೆ ನಿಲ್ಲಿಸಿದಳು.

"ಮುಂದಿನ ಸಾಲು?"

"ಅದನ್ನ ನರಗುಂದಕ್ಕ ಬಂದು ಕೇಳ್ರಿ. ನಿಮ್ಮ ಅಪ್ಪಾರನ್ನ ಕರಕೊಂಡು. ಸೋಮವಾರದ ಮೊದಲ."

ಗಾಡಿ ಹೊರಟಿತು. ಧೂಳು ಇಳಿದು ದಾರಿ ಪೂರ್ತಿ ಬರಿದಾಗುವವರೆಗೆ ನಿಂತಿದ್ದೆ.

ಅಪ್ಪ ತೋಟಪ್ಪ ಗಜೇಂದ್ರಗಡದ ತನ್ನ ಬಟ್ಟೆ ಅಂಗಡಿಯಲ್ಲಿ ಥಾನು ಸುತ್ತುತ್ತಿದ್ದ. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಅವನು ಸುತ್ತುವುದನ್ನು ಬಿಡಲಿಲ್ಲ.

"ಯಾರ ಮಗಳು?"

"ನರಗುಂದದ ಕಾಳಿನ ಪ್ಯಾಟಿ ಗೋಣೆಪ್ಪನವರ ಮಗಳು."

"ಗೊತ್ತದಾರ. ಹುಡುಗಿ ಹೆಸರೇನು?"

ನಾನು ಬಾಯಿ ತೆರೆದೆ. ನಾಲ್ಕು ಅಕ್ಷರವೂ ಇಲ್ಲದ ಹೆಸರು. ವಾರವಿಡೀ ಮನಸ್ಸಿನಲ್ಲಿ ಜಪಿಸಿದ ಹೆಸರು. ಹೊರಗೆ ಬರಲಿಲ್ಲ. ಕಲ್ಲವ್ವನ ಕದ ನೆನಪಾಯಿತು.

"ಯಾಕೋ, ಹೆಸರು ಗೊತ್ತಿಲ್ಲೇನು?"

ವಹಿಯ ಕೊನೆಯ ಹಾಳೆ ತೆರೆದು ಅಪ್ಪನ ಮುಂದಿಟ್ಟೆ. ನನ್ನ ಸಹಿಯ ಪಕ್ಕದಲ್ಲಿ ಅವಳ ಸಹಿ ಇತ್ತು. ಅಪ್ಪ ಕನ್ನಡಕ ಏರಿಸಿ ಓದಿದ. ಆಮೇಲೆ ಬಿಸಿಯಾಗಿದ್ದ ನನ್ನ ಕಿವಿಗಳನ್ನು ನೋಡಿದ.

"ಕಾಲೇಜ್ ಕಲಿಯಾಕ ಹೋಗಿ ಇದನ್ನ ಕಲತ್ ಬಂದಿಯೇನಪಾ" ಎಂದು ಥಾನನ್ನು ಬದಿಗಿಟ್ಟ. "ನಾಳೆ ನರಗುಂದದ ಮೋಟಾರು ಎಷ್ಟಕ್ಕ ಐತಿ, ಕೇಳಿಕೊಂಡು ಬಾ."