ಪೈಪಿನ ಬಿರುಕು

ನಾನು ಇಪ್ಪತ್ತು ವರ್ಷದಿಂದ ಕಾರು ರಿಪೇರಿ ಮಾಡುವವನು. ಕಣ್ಣಾರೆ ಕಂಡದ್ದನ್ನಷ್ಟೇ ಹೇಳುತ್ತೇನೆ.

ಒಂದು ಮಧ್ಯಾಹ್ನ ನಮ್ಮಕ್ಕ ತನ್ನ ಹಳೇ ಕಾರನ್ನು ಗ್ಯಾರೇಜಿಗೆ ತಂದಳು. ಎಂಜಿನ್ನಿಗೆ ಪೆಟ್ರೋಲ್ ಕಡಿಮೆಯಾಗಿ ಗಾಳಿ ಹೆಚ್ಚು ಹೋಗುತ್ತಿದೆ ಎನ್ನುವ ಎಚ್ಚರಿಕೆ ದೀಪ ಉರಿಯುತ್ತಿತ್ತು.

“ಆಫ್ ಮಾಡ್ಬೇಡ, ಅಲ್ಲೇ ಕೂತಿರು” ಎಂದು ಬಾನೆಟ್ ಎತ್ತಿದೆ. ಸುಯ್ ಎನ್ನುವ ಸದ್ದಿನ ಜಾಡು ಹಿಡಿದರೆ ಎಂಜಿನ್ ಓಡುವಾಗ ಮಾತ್ರ ಗಾಳಿ ಎಳೆಯುವ ಒಂದು ರಬ್ಬರ್ ಪೈಪಿನಲ್ಲಿ ಬಿರುಕು ಸಿಕ್ಕಿತು. ಎಂಜಿನ್ ಕುದಿಯುತ್ತಿದ್ದರೂ ಪೈಪು ಮಾತ್ರ ತಣ್ಣಗಿತ್ತು. ಹೆಬ್ಬೆರಳಿನಿಂದ ಬಿರುಕು ಮುಚ್ಚಿದೆ. ಎಂಜಿನ್ ಸದ್ದು ಹದಕ್ಕೆ ಬಂತು.

“ಸರಿಹೋಯ್ತು ನೋಡಕ್ಕ!”

ಬಾನೆಟ್ಟಿನ ಪಕ್ಕದಿಂದ ಇಣುಕಿದರೆ ಅಕ್ಕ ಕತ್ತು ಹಿಡಿದುಕೊಂಡು ಉಸಿರಿಗೆ ಒದ್ದಾಡುತ್ತಿದ್ದಳು. ಗಾಬರಿಯಲ್ಲಿ ಬೆರಳು ತೆಗೆದೆ. ಅವಳಿಗೆ ಉಸಿರು ಬಂತು.

“ಯಾರೋ ಬಾಯಿ ಒತ್ತಿ ಹಿಡಿದ ಹಾಗಾಯ್ತು ಕಣೋ. ಆ ಕೈ ಗ್ರೀಸ್ ವಾಸನೆ ಹೊಡೀತಿತ್ತು.”

ನನ್ನ ಬೆರಳಿಗೂ ಅವಳ ಉಸಿರಿಗೂ ನಂಟು ಕಂಡದ್ದು ನನ್ನ ಭ್ರಮೆ ಇರಬೇಕೆಂದು ಅವಳನ್ನು ರಸ್ತೆಯಾಚೆ ಬೆಂಚಿನ ಮೇಲೆ ಕೂರಿಸಿ, ಒಂದೇ ಒಂದು ಕ್ಷಣ ಬಿರುಕನ್ನು ಮತ್ತೆ ಮುಚ್ಚಿದೆ. ಅಕ್ಕ ಅಲ್ಲೇ ಕುಸಿದು ಬಿದ್ದಳು; ಬೆರಳು ತೆಗೆದ ಮೇಲೆಯೇ ಮತ್ತೆ ಉಸಿರಾಡಿದಳು.

ಹೊಸ ಪೈಪು ಕಪಾಟಿನಲ್ಲೇ ಇತ್ತು. ಹಾಕಲು ಕೈ ಬರಲಿಲ್ಲ. ಎಂಜಿನ್ ಆಫ್ ಮಾಡಿ ಕೀಲಿಯನ್ನು ಜೇಬಿಗೆ ಹಾಕಿಕೊಂಡೆ. ಅರ್ಧ ಗಂಟೆ ಬಿಟ್ಟು ಬಿರುಕಿನ ಹತ್ತಿರ ಒಂದು ಕಾಗದದ ಚೂರು ಹಿಡಿದೆ. ಅದನ್ನು ಪೈಪು ಒಳಕ್ಕೆ ಎಳೆದುಕೊಂಡಿತು.