ರಾಮ ಕಮ್ಮಿ ಆಗ್ಯಾನ

"ನೂರಾ ಹನ್ನೊಂದು, ನೂರಾ ಹನ್ನೆರಡು... ಅಪ್ಪಾ, ಇನ್ನೂ ಮಾರಿ ತೋರಿಸವಲ್ದು!"

ನೀಲಾ ಎಣಿಸುತ್ತಲೇ ಇದ್ದಳು. ಕಂಪ್ಯೂಟರ್ ಕಟಕಟ ಎನ್ನುತ್ತಿತ್ತೇ ಹೊರತು ತೆರೆದುಕೊಳ್ಳುತ್ತಿರಲಿಲ್ಲ.

"ಸೂಪರ್ ಕಂಪ್ಯೂಟರ್ ಒಂದು ಸೆಕೆಂಡಿನ್ಯಾಗ ಕೋಟಿ ಲೆಕ್ಕಾ ಮಾಡತೈತಿ. ನಮ್ಮದು ಒಂದು ಲೆಕ್ಕಾ ಮಾಡಾಕ ಕೋಟಿ ಸೆಕೆಂಡ್ ತಗೋತೈತಿ. ಕೋಟಿ ಅಂತೂ ಎರಡಕ್ಕೂ ಐತಿ!" ಎಂದ ಅಪ್ಪ ರಾಮಲಿಂಗ.

"ಅದಕ್ಕ ಎ.ಸಿ. ರೂಮ್ ಬೇಕಂತ."

"ನಮ್ಮದಕ್ಕ ನಿಮ್ಮ ಆಯಿ ಕೌದಿ ಹೊಚ್ಚತಾಳ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಪ್ಪನಿಗೆ ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆಯಲ್ಲಿ ಕೆಲಸ. ಅಲ್ಲೇ ರೂಮಿನಲ್ಲಿ ಇರುತ್ತಿದ್ದ. ಪಾರಿಶ್ವಾಡದ ಮನೆಗೆ ಬರುವುದು ರವಿವಾರ ಮಾತ್ರ. ಕಾರ್ಖಾನೆಯವರು ಬೇಡವೆಂದು ಬಿಟ್ಟ ಕಂಪ್ಯೂಟರನ್ನು ಅವನೇ ಹೊತ್ತು ತಂದಿದ್ದ. ಪ್ರತಿ ವಾರ ನೀಲಾ ಅದರಲ್ಲಿ ಒಂದು ಚಿತ್ರ ಬರೆದಿಡುವಳು. ಚಿತ್ರ ತೆರೆದುಕೊಳ್ಳಲು ಅರ್ಧ ತಾಸಾದರೂ ಬೇಕು; ಅದನ್ನು ನೋಡಿಯೇ ಅಪ್ಪ ಸಂಜೆ ಐದರ ಬಸ್ಸಿಗೆ ಹೊರಡುವುದು.

ಬುಧವಾರ ಪಕ್ಕದ ಮನೆಯ ಓಂಕಾರ ಬಂದ. ಅವನು ಖಾನಾಪುರದಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದ. ಡಬ್ಬಿ ಬಿಚ್ಚಿ ನೋಡಿ, "ಇದರಾಗ ರ‍್ಯಾಮ್ ಕಮ್ಮಿ ಐತಿ" ಎಂದ.

ಅಕ್ಕಿ ಆರಿಸುತ್ತಿದ್ದ ಆಯಿ ತಲೆ ಎತ್ತಿದಳು. ಅವಳು ಮಗ ರಾಮಲಿಂಗನನ್ನು ಕರೆಯುವುದೇ ರಾಮ ಎಂದು.

"ಖರೇ ಹೇಳಿದಿ ನೋಡಪಾ. ಈ ಮನ್ಯಾಗ ರಾಮ ಕಮ್ಮಿನ ಆಗ್ಯಾನ. ವಾರಕ್ಕ ಒಂದ ದಿನ!"

"ಆಯೀ, ರಾಮ ಅಲ್ಲ, ರ‍್ಯಾಮ್! ಮಷಿನ್‌ದು ಪಾರ್ಟ್!" ನೀಲಾ ಬಿದ್ದು ಬಿದ್ದು ನಕ್ಕಳು. ಆಯಿ ನಗಲಿಲ್ಲ.

ಓಂಕಾರ ತನ್ನ ಹತ್ತಿರವಿದ್ದ ಹಳೆಯ ರ‍್ಯಾಮ್ ತಂದು ಕೂಡಿಸಿದ. ಅಬ್ಬಾ! ನೀಲಾ ಮೂವತ್ತು ಎಣಿಸುವುದರೊಳಗೆ ಕಂಪ್ಯೂಟರ್ ತೆರೆಯಿತು. ಅಪ್ಪನಿಗೆ ಯಾವಾಗ ತೋರಿಸುತ್ತೇನೋ ಎಂದು ಅವಳಿಗೆ ತಡೆಯಲಾಗಲಿಲ್ಲ.

ರವಿವಾರ ಅಪ್ಪ ಪಕ್ಕಕ್ಕೆ ಬಂದು ಕುಳಿತ. "ಸೂಪರ್ ಕಂಪ್ಯೂಟರ್ ಐತಲ್ಲಾ, ಅದು..." ಎನ್ನುವಷ್ಟರಲ್ಲಿ ಚಿತ್ರ ಎದುರಿಗೇ ಬಂತು.

"ಅರೇ! ನಮ್ಮದೂ ಸೂಪರ್ ಆತಲ್ಲ! ಚಿತ್ರಾ ಭಾಳ ಚಲೋ ಐತವ್ವಾ." ಅಪ್ಪ ಗಡಿಯಾರ ನೋಡಿದ. "ಹಂಗಾದ್ರ ನಾಲ್ಕೂವರಿ ಬಸ್ಸ ಸಿಗತೈತಿ."

ಚೀಲ ಹೆಗಲಿಗೇರಿಸಿ ಹೋಗಿಯೇಬಿಟ್ಟ. ಜೋಕು ಅರ್ಧಕ್ಕೇ ಉಳಿಯಿತು. ನೀಲಾಳಿಗೆ ಅಳು ಬಂತು.

ಸೋಮವಾರ ಶಾಲೆ ಬಿಟ್ಟ ಕೂಡಲೇ ಅವಳು ಓಂಕಾರನ ಮನೆಗೆ ಓಡಿದಳು.

"ಅಣ್ಣಾ, ನಿನ್ನ ರ‍್ಯಾಮ್ ವಾಪಸ್ ತಗೋ."

"ಹುಚ್ಚಿ! ಮತ್ತ ನಿಧಾನ ಆಗತೈತಿ."

"ಆಗಲಿ."

"ಯಾಕ?"

ನೀಲಾ ಲಂಗದ ಅಂಚು ಹಿಂಡುತ್ತ ನಿಂತಳು.

"ಅದು ಬಂದ ಮ್ಯಾಲೆ ನಮ್ಮ ಮನ್ಯಾಗ ರಾಮ ಇನ್ನೂ ಕಮ್ಮಿ ಆಗ್ಯಾನ."